ಇಪ್ಪತ್ತೆರಡು ಹಲ್ಲು

ತಪಾಲು ಕಚೇರಿಯ ಹರಾಜಿನಲ್ಲಿ ಕೊಂಡದ್ದು.
ಮೇಲೆ ನಾನು ಬಳಿದ ಕಪ್ಪು,
ಎಲ್ಲಿ ಕೆರೆದರೂ ಇನ್ನೂ ಕೆಂಪು.

ಬೈತಖೋಲದ ಗಾಳಿಗೆ ಕಬ್ಬಿಣವೆಂದರೆ ತಿಂಡಿ.
ಭಾನುವಾರ ಸೀಮೆಎಣ್ಣೆಯಲ್ಲಿ ಚೈನು ನೆನೆಹಾಕಿ
ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ
ಒಂದೊಂದೇ ಕೊಂಡಿ ತಿಕ್ಕುತ್ತೇನೆ;
ಸೋಮವಾರ ಉಪ್ಪು
ಮೊದಲಿನಿಂದ ಶುರುಮಾಡುತ್ತದೆ.

ಈ ಸಲ ಇನಾಸ್ ಹೇಳಿದ:
ಬ್ರೇಕಿನ ಸರಳು ಬಿಚ್ಚಿ ಕೇಬಲ್ ಹಾಕುವ,
ರಿಮ್ಮು ಅಲ್ಯೂಮಿನಿಯಮ್ಮಿಂದು,
ಹಿಂದಿನ ಫ್ರೀವೀಲಿಗೆ ಹದಿನೆಂಟರ ಬದಲು
ಇಪ್ಪತ್ತೆರಡು ಹಲ್ಲು.
"ಬಿಣಗಾ ಏರು ಕೂತೇ ಹತ್ತಬಹುದು ಮಾರಾಯ,
ಸ್ವಲ್ಪ ನಿಧಾನ, ಅಷ್ಟೆ."

ಹತ್ತಿದೆ.
ಪಂಪಿನ ಮನೆಗೆ ಆರಕ್ಕೆ ಹತ್ತು ನಿಮಿಷವಿರುವಾಗಲೇ ಮುಟ್ಟಿ
ಬೀಗದ ಮುಂದೆ ಸುಮ್ಮನೆ ನಿಂತೆ.

ಇಷ್ಟು ವರ್ಷ ಮೋರಿಯ ಹತ್ತಿರ ಇಳಿದು ತಳ್ಳುತ್ತಿದ್ದೆ;
ಬಳಚು ಮಾರುವ ಗುಲಾಬಿಬಾಯಿ
ಜೊತೆಗೆ ಏರುತ್ತಿದ್ದಳು,
ಬುಟ್ಟಿ ಕ್ಯಾರಿಯರಿಗೆ, ಮಾತು ನನಗೆ:
ಸೊಸೆಯ ಮೊಬೈಲು, ಮಂಡಿನೋವು, ದೋಣಿಯ ಡೀಸೆಲು.
ಎಷ್ಟೋ ಸಂಗತಿ ಏರಿನ ತುದಿಗೆ ಅರ್ಧಕ್ಕೇ ನಿಂತು
ನಾಳೆಗೆ ಉಳಿಯುತ್ತಿತ್ತು.

ಮೂರು ದಿನ ಗಂಟೆ ಬಾರಿಸಿ ಮುಂದೆ ಹೋದೆ.
ನಾಲ್ಕನೇ ದಿನ ಅವಳೇ ಕೂಗಿದಳು,
"ಅಂಥಾದ್ದು ಏನು ಹಾಕಿಸಿದೆಯೋ ಇದಕ್ಕೆ?"
"ಹಲ್ಲು" ಅಂದೆ, "ನಾಲ್ಕು ಹೆಚ್ಚು."
ಬೊಚ್ಚುಬಾಯಿ ತೆರೆದು ನಕ್ಕಳು:
"ನನಗೂ ಕೇಳಿ ನೋಡು ಇನಾಸನ ಹತ್ತಿರ."

ಇಳಿದೆ.
ಬುಟ್ಟಿಯ ಉಪ್ಪುನೀರು
ಹೊಸ ರಿಮ್ಮಿನ ಮೇಲೆ ತೊಟ್ಟಿಕ್ಕುತ್ತಿತ್ತು.
ಒರೆಸಲು ಹೋಗಲಿಲ್ಲ;
ಮೊಬೈಲಿನ ಕತೆ ಎಲ್ಲಿಗೆ ನಿಂತಿತ್ತು ಎಂದು ಕೇಳಿದೆ.