ಮಿಕ್ಕಿದ್ದು

ನಂಗಲಿಯ ಮುನಿರತ್ನಮ್ಮನ ಹಸುವಿಗೆ ಕೆಚ್ಚಲುಬಾವು.
"ಐದು ದಿನ ಪೂರ್ತಿ ಹಾಕಿಸಿದ್ರಾ?"
"ಎರಡಕ್ಕೇ ಎದ್ದು ಮೇವು ತಿಂತಲ್ಲ ಮೇಡಮ್ಮ,
ಮಿಕ್ಕಿದ್ದು ಕರುವಿಗಿರಲಿ ಅಂತ
ಸೂರಿನ ಸಂದೀಲಿ ಇಟ್ಟಿದೀನಿ."

ಕೋಲಾರದ ಲ್ಯಾಬಿನಲ್ಲಿ
ಅದೇ ಹಾಲಿನ ಹನಿ, ಅಗಾರ್ ತಟ್ಟೆಯಲ್ಲಿ.
ಔಷಧದ ಬಿಲ್ಲೆ ಸುತ್ತ
ಗುಡಿಸಿದ ಕಣದಂತೆ ಬಯಲಿರಬೇಕಿತ್ತು.
ಇಲ್ಲ.
ಅಂಚಿನವರೆಗೂ ಬಂದು ಕೂತಿವೆ ಬ್ಯಾಕ್ಟೀರಿಯ,
ಬಿಲ್ಲೆಯನ್ನೇ ಒರಗುದಿಂಬು ಮಾಡಿಕೊಂಡು.

ಇಪ್ಪತ್ತು ನಿಮಿಷಕ್ಕೊಂದು ತಲೆಮಾರು ಇವಕ್ಕೆ.
ನನ್ನ ಫೆಲೋಶಿಪ್ಪು ಮಾರ್ಚಿಗೆ ಮುಗಿಯುತ್ತದೆ.

'ನಿರೋಧಕ' ಎಂದು ಬರೆದೆ, ತಾರೀಖು ಹಾಕಿದೆ.
ಬರೆಯದೆ ಬಿಟ್ಟದ್ದು:
ಆಕೆ ಲೋಟ ತುಂಬ ಕೊಟ್ಟ ಕಾಫಿ,
ಬೇಡ ಅನ್ನದೆ ನಾನು ಕುಡಿದದ್ದು,
ಮತ್ತೆ, ಹೋದ ತಿಂಗಳ ಜ್ವರಕ್ಕೆ ತಂದ ಮಾತ್ರೆಪಟ್ಟಿಯಲ್ಲಿ
ಇನ್ನೂ ನಾಲ್ಕು
ನನ್ನ ಬ್ಯಾಗಿನಲ್ಲೇ ಇರುವುದು.