ಕೊಳೆಯಬಲ್ಲ ನೂಲು

ಅಪ್ಪ ದಾವಣಗೆರೆಯ ಮಿಲ್ಲಿನಲ್ಲಿ ರಿಂಗ್ ಖಾತೆ.
ಕಿವಿ ಮಂದ, ಹುಬ್ಬಿನ ಮೇಲೆ ಸದಾ ಹತ್ತಿಯ ಬೂರು.
ಮಿಲ್ಲು ಮುಚ್ಚಿದ ದಿನ ಬಾಕಿ ಪಗಾರದ ಬದಲು
ಒಂದು ಚೀಲ ಕಂಡಿಕೆ ಹೊತ್ತು ತಂದ.
ಅವ್ವ ಬೈದಳು: ಇದನ್ನೇ ಬೇಯಿಸಿ ಬಡಿಸಲೇನು?

ಆ ಚೀಲ ನನ್ನ ಜೊತೆ ಸೂಳೆಕೆರೆಗೆ ಬಂತು,
ಮದುವೆಯ ಟ್ರಂಕಿನ ಪಕ್ಕ ಕೂತು,
ಬೇಸ್ತರ ಮನೆಯ ಅಟ್ಟಕ್ಕೆ.
ಇಲ್ಲಿ ಯಾರಿಗೂ ಹತ್ತಿ ಬೇಡ.
ಇಲ್ಲಿ ನೈಲಾನು: ತೆಳ್ಳಗೆ, ನೀರಿನದೇ ಬಣ್ಣ,
ಹಲ್ಲಲ್ಲಿ ಕಚ್ಚಿದರೂ ಹರಿಯದು.
ಅತ್ತೆ ತಿಪ್ಪವ್ವ ನಾಕು ಬೆರಳಿನ ಕಣ್ಣು ಹೆಣೆಯಲು ಕಲಿಸಿದಳು,
"ಕಣ್ಣು ಸಣ್ಣದಾದರೆ ಕೆರೆಯವ್ವ ಮುನಿತಾಳೆ" ಎಂದು.
ಸಾವಿರ ಕಣ್ಣು ಬಲೆಗೆ.
ಒಂದಕ್ಕೂ ರೆಪ್ಪೆಯಿಲ್ಲ.

ಆಷಾಢದ ಗಾಳಿ ಒಂದು ರಾತ್ರಿ
ಸಿದ್ದನ ತೂಬಿನ ಕಡೆಯಿಂದ ಎದ್ದು
ಗೂಟ ಕಿತ್ತು ಬಲೆ ಒಯ್ದಿತು.
ಉಚ್ಚಂಗೆಪ್ಪ ಮೂರು ದಿನ ಹರಿಗೋಲು ಹಾಕಿ ಹುಡುಕಿ
ನಾಲ್ಕನೆಯ ದಿನ ಹೊಸತು ತಂದ.
ಹೋದದ್ದು ಹೋಯಿತು ಅಂದ.

ಹೋಗಿರಲಿಲ್ಲ.
ಎರಡು ಬೇಸಿಗೆ ಕಳೆದು ನೀರು ಹಿಂದೆ ಸರಿದಾಗ
ಜಾಲಿ ಬೊಡ್ಡೆಗೆ ಸುತ್ತಿಕೊಂಡು ಸಿಕ್ಕಿತು.
ಅದೇ ಬಲೆ. ನನ್ನದೇ ಗಂಟು,
ಎಡಗೈಯವಳ ಗಂಟು, ಗುರುತು ತಪ್ಪದು.
ಒಳಗೆ ಹದಿಮೂರು ಆಮೆ ಚಿಪ್ಪು,
ಒಂದರೊಳಗೊಂದು ಇಟ್ಟ ಬಟ್ಟಲ ಹಾಗೆ.
ನೀರುಕಾಗೆಯ ಕಾಲು, ಬೆರಳ ನಡುವಿನ ಪೊರೆ ಒಣಗಿ ಎಲೆಯಂತೆ.
ನೀರುನಾಯಿಯ ಮರಿಯದೋ ಏನೋ, ಬೆರಳುದ್ದದ ದವಡೆ.
ಮತ್ತೆ ಒಂದು ಮೂಲೆಯಲ್ಲಿ, ಮಂಡಿಯುದ್ದ ನೀರಿದ್ದಲ್ಲಿ,
ಆ ಬೆಳಿಗ್ಗೆಯಷ್ಟೇ ಸಿಕ್ಕ ಕೊರವ.
ಕಿವಿರು ಇನ್ನೂ ಆಡುತ್ತಿತ್ತು.

ಅಂದರೆ ಇದು ದುಡಿಯುತ್ತಲೇ ಇತ್ತು.
ಒಡೆಯನಿಲ್ಲ, ಮಾರುಕಟ್ಟೆಯಿಲ್ಲ,
ಮೂರೂ ಪಾಳಿ, ಸೈರನ್ ಕೂಗದ ಕಾರ್ಖಾನೆ.
ಮೀನಿಗಾದರೂ ನೀರೇ ಉಸಿರು.
ಆಮೆ ಮೇಲೆ ಬರಬೇಕು, ಒಂದು ಗುಟುಕು ಗಾಳಿಗೆ;
ಅಂಗೈಯಗಲ ದೂರದಲ್ಲಿ ಗಾಳಿ,
ನಡುವೆ ನಾನು ಹಾಕಿದ ಗಂಟು.

ಅಂದು ರಾತ್ರಿ ಅಟ್ಟ ಹತ್ತಿದೆ.
ಇಲಿ ತಿಂದು ಉಳಿದ ಕಂಡಿಕೆ ಎಣಿಸಿದೆ.
ನಾಕೆಳೆ ಸೇರಿಸಿ, ತೊಡೆಯ ಮೇಲೆ ಹೊಸೆದು
ತೇಲುವ ಬೆಂಡನ್ನು ಬಲೆಗೆ ಆ ನೂಲಿನಲ್ಲೇ ಕಟ್ಟಿದೆ.
(ಬೆಂಡು ಅಂದರೆ ಹಳೆ ಹವಾಯಿ ಚಪ್ಪಲಿಯ ತುಂಡು.)
ದಿನಾ ಒಣಗಿಸಿದರೆ ತಿಂಗಳೊಪ್ಪತ್ತು ತಾಳುತ್ತದೆ.
ಕಳೆದುಹೋದರೆ, ನೀರಲ್ಲೇ ನೆನೆದು ಕೊಳೆತು
ಬೆಂಡನ್ನು ಬಿಟ್ಟುಕೊಡುತ್ತದೆ,
ಗೋಡೆಯಂತೆ ನಿಂತ ಬಲೆ
ಮುದುಡಿ ಕೆಸರಿಗೆ ಕೂರುತ್ತದೆ.
ಸಾಯಲು ಬರುತ್ತದೆ ಹತ್ತಿಗೆ.
ನೈಲಾನಿಗೆ ಯಾರೂ ಕಲಿಸಿಲ್ಲ.

ಉಚ್ಚಂಗೆಪ್ಪ ನಕ್ಕ:
"ಕೊಳೆಯೋ ನೂಲು ಹುಡುಕಿ ಕಟ್ಟೋಳು
ಈ ಏರಿ ಮೇಲೆ ನೀನೊಬ್ಬಳೇ ನೋಡು."
ನಗಲಿ. ನಸುಕಿಗೆ ಹೋಗುತ್ತಿದ್ದವ ಈಗ
ನಡುರಾತ್ರಿ ಒಮ್ಮೆ ಎದ್ದು ಬಲೆ ಎತ್ತಿ ನೋಡಿ ಬರುತ್ತಾನೆ.
ಯಾಕೆಂದು ಹೇಳುವುದಿಲ್ಲ.
ಕೆಲವು ಸಲ ಮುಂಗೈ ಮೇಲೆ ಆಮೆ ಪರಚಿದ ಗೀರು.
ಕೆಲವು ಸಲ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾನೆ,
ತಡವಾಗಿತ್ತು ಎಂದು ನಾನೇ ತಿಳಿದುಕೊಳ್ಳುತ್ತೇನೆ.

ಹೋದ ವರ್ಷ ಮತ್ತೊಂದು ಬಲೆ ಗಾಳಿಪಾಲು.
ಕಾರ್ತೀಕದ ಹೊತ್ತಿಗೆ ಏರಿಯ ಬುಡಕ್ಕೆ
ಚಪ್ಪಲಿಯ ತುಂಡುಗಳು ಒಂದೊಂದಾಗಿ ಬಂದವು,
ನೀಲಿ, ಬಿಳಿ, ಒಂದಕ್ಕೆ ಇನ್ನೂ ಉಂಗುಟದ ತೂತು.
ಕೆಳಗೆ ಬಲೆ ಏನಾಯಿತೋ ಕಂಡವರಿಲ್ಲ.
ತುಂಡುಗಳನ್ನು ಹೆಕ್ಕಿ ಉಡಿಯಲ್ಲಿ ತಂದೆ.

ಈಗ ಚೀಲ ಬರಿದು. ಅಪ್ಪನೂ ಇಲ್ಲ.
ಚನ್ನಗಿರಿ ಸಂತೆಯಲ್ಲಿ ನೂಲಿನುಂಡೆ ಕೇಳಿದರೆ
ಅಂಗಡಿಯವ "ಹೂ ಕಟ್ಟೋಕಾ, ಬತ್ತಿಗಾ?" ಅಂತಾನೆ.
ಎರಡಕ್ಕೂ ಹೂಂ ಅನ್ನುತ್ತೇನೆ.
"ಗಟ್ಟಿ ಇರೋದು ಕೊಡ್ಲಾ, ನೈಲಾನ್ ಬೆರಕೆದು?"
ಬೇಡಪ್ಪ.
ಬೇಗ ಹರಿಯೋದೇ ಇರಲಿ.