ಅರ್ಧ ಟಿಕೆಟು

ಮೊದಲ ಪೀರಿಯಡಿಗೆ ನಮ್ಮ ಕ್ಲಾಸು
ಯಾವತ್ತೂ ಅರ್ಧವೇ.
ಬೆಂಗ್ರೆಯ ಹದಿನೇಳು ಮಂದಿ ಆಗಿನ್ನೂ ಹೊಳೆಯ ನಡುವೆ,
ಕೆಮ್ಮುವ ಇಂಜಿನಿನ ಹಿಂದೆ,
ಚೀಲ ಒದ್ದೆಯಾಗದ ಹಾಗೆ ತಲೆಯ ಮೇಲಿಟ್ಟುಕೊಂಡು.
ಹಿಲ್ಡಾ ಟೀಚರು ಕಿಟಕಿಗೆ ಬಂದು
ಅಳಿವೆಯ ಕಡೆ ನೋಡಿ ಹೇಳುತ್ತಿದ್ದರು:
"ಪ್ರಮೇಯ ಇನ್ನೂ ನೀರಲ್ಲುಂಟು. ಕಾಯುವ."

ಹಾಗೆ ಪೈಥಾಗೊರಸನನ್ನು ನಾವು
ಎರಡೆರಡು ಸಲ ಕಲಿತೆವು,
ಒಮ್ಮೆ ಈ ದಡಕ್ಕೆ, ಒಮ್ಮೆ ಆ ದಡಕ್ಕೆ.
ಆದರೂ ಪರೀಕ್ಷೆಯಲ್ಲಿ ಮರೆತದ್ದು
ಈ ದಡದ ನಾನೇ.

ಬಂದರಿನ ಶಾಲೆ. ಮಧ್ಯಾಹ್ನ ಗಾಳಿ ತಿರುಗಿತೆಂದರೆ
ಒಣಮೀನು, ಸ್ವಲ್ಪ ಡೀಸೆಲು, ಮೆಣಸಿನ ಗೋಣಿ.
ಸೀನಿದವರ ಲೆಕ್ಕ ಇಟ್ಟಿದ್ದಳು ಮಿಸ್ರಿಯಾ
ಸಮಾಜ ಪುಸ್ತಕದ ಕೊನೆಯ ಪುಟದಲ್ಲಿ:
ವಾಮನ ಶೆಣೈ, ನೂರಾ ಹನ್ನೊಂದು.
ಅವನ ಅಪ್ಪನದ್ದೇ ಮೆಣಸಿನ ಮಂಡಿ.

ಎಲ್ಲವೂ ನಗೆಯಲ್ಲ, ಹಾಗೆಂದರೆ ಸುಳ್ಳಾದೀತು.
ಎಂಟನೆಯಲ್ಲಿ ಒಂದು ವಾರ
ಪೇಟೆಯಲ್ಲಿ ಏನೋ ಆಗಿ
ಅಂಗಡಿಗಳು ಅರ್ಧ ಶಟರು ಎಳೆದುಕೊಂಡಿದ್ದಾಗ
ನಮ್ಮ ಬೆಂಚುಗಳೂ ಸ್ವಲ್ಪ ಸರಿದು ಕೂತವು.
ಯಾರೂ ಏನೂ ಹೇಳಲಿಲ್ಲ.
ಸೋಮವಾರ ರೀನಾ ಕ್ರಾಸ್ತಾ ಪೇರಳೆ ತಂದಳು,
ಕಾಗದದಲ್ಲಿ ಉಪ್ಪು, ಮೆಣಸಿನ ಹುಡಿ, ಒಂದೇ ಒಂದು ಬ್ಲೇಡು;
ಪಾಲು ಬೇಕಾದರೆ ಹತ್ತಿರ ಬರಲೇಬೇಕು.
ಅದಕ್ಕೆ ಭಾಷಣಗಳಲ್ಲಿ ಬೇರೆ ದೊಡ್ಡ ಹೆಸರುಂಟಂತೆ.
ನಮಗದು ಪೇರಳೆ.

ಇನ್ನು ಇಪ್ಪತ್ತಮೂರನೇ ನಂಬ್ರ.
ತೇಜಪಾಲ ಕರ್ಕೇರ. ಒಂಬತ್ತನೆಯ ದಸರಾ ರಜೆಗೆ ಹೋದವನು
ರಜೆ ಮುಗಿದರೂ ಬರಲಿಲ್ಲ.
ಬೋಟಿನ ವಿಂಚಿಗೆ ಅವನ ಅಣ್ಣನ ಕೈ ಸಿಕ್ಕಿದ್ದು ಗೊತ್ತಿತ್ತು;
ಮನೆಯಲ್ಲಿ ಉಳಿದ ಕೈಗಳ ಲೆಕ್ಕ
ಹಿಲ್ಡಾ ಟೀಚರ ಲೆಕ್ಕದಷ್ಟು ಕಷ್ಟದ್ದಲ್ಲ.
ಮೊದಲ ದಿನ ಯಾರು ಕೂಗಿದ್ದೋ,
"ಪ್ರೆಸೆಂಟ್ ಟೀಚರ್!"
ಮತ್ತೆ ಅದಕ್ಕೂ ಸರದಿ ಬಿತ್ತು:
ಸೋಮವಾರ ಅಶ್ಫಾನ್, ಮಂಗಳವಾರ ನಾನು,
ಬುಧವಾರ ಮೆಲ್ವಿನ್ನನ ಆಗಷ್ಟೇ ಒಡೆದ ಗಂಟಲು.
ಹೀಗೆ ತೇಜುವಿಗೆ ವಾರಕ್ಕೆ ಆರು ಸ್ವರ,
ಒಮ್ಮೆ ಶೀತ ಹಿಡಿದ ಲೋಲಾಕ್ಷಿಯದ್ದೂ.
ಟೀಚರ ಪೆನ್ನು ತಡವರಿಸಲಿಲ್ಲ,
ಕಣ್ಣು ಮೇಲೇಳಲಿಲ್ಲ.
ನಮ್ಮಷ್ಟು ಜಾಣರಿಲ್ಲ ಎಂದುಕೊಂಡಿದ್ದೆವು.

ಇವತ್ತು ಬೀಳ್ಕೊಡುಗೆ.
ಸಜ್ಜಿಗೆ, ಅವಲಕ್ಕಿ, ಗ್ಲಾಸಿನಲ್ಲಿ ಕಿತ್ತಳೆ ಬಣ್ಣದ ನೀರು.
ಹೆಡ್‌ಮಾಸ್ಟರು ನಮ್ಮನ್ನು ಹಕ್ಕಿಗಳೆಂದರು,
ದೀಪಗಳೆಂದರು, ನೆನಪಾಗಿ ಮತ್ತೆ ಹಕ್ಕಿಗಳೆಂದರು.
"ಹತ್ರ ಬನ್ನಿ, ಅಲ್ಲಿ ಜಾಗ ಉಂಟಲ್ಲ," ಎಂದ ಫೋಟೋದವ.
ಹಿಂದಿನ ಸಾಲಿನ ಎಡಕ್ಕೆ, ಮೆಲ್ವಿನ್ನನ ಪಕ್ಕ
ಒಂದು ಆಳಿನಷ್ಟು ಬಿಟ್ಟಿದ್ದೆವು,
ಮಾತಾಡಿಕೊಂಡು ಅಲ್ಲ.
ಮುಂದೆ ಕುರ್ಚಿಯಲ್ಲಿದ್ದ ಹಿಲ್ಡಾ ಟೀಚರು
ತಿರುಗದೆಯೇ ಹೇಳಿದರು:
"ಇರಲಿ. ಅವನ ಹಾಜರಿ ಉಂಟು."

ಸಂಜೆ ನಾನೂ ಅವರೊಟ್ಟಿಗೆ ದೋಣಿ ಹತ್ತಿದೆ,
ಮೂರು ವರ್ಷದಲ್ಲಿ ಮೊದಲ ಸಲ.
ಹತ್ತು ನಿಮಿಷದ ಹೊಳೆ.
ಟಿಕೆಟು ಹರಿಯುತ್ತಿದ್ದವನು ತೇಜು;
ದಿನಾ ಬೆಳಿಗ್ಗೆ ಅರ್ಧ ಕ್ಲಾಸನ್ನು ಈ ದಡಕ್ಕೆ ಇಳಿಸಿ
ತಿರುಗಿ ಹೋಗುತ್ತಿದ್ದವನು.
ಮೀಸೆ ಬಂದಿತ್ತು. ನಮಗಿಂತ ಮೊದಲು.

ನನ್ನ ಬಿಳಿ ಅಂಗಿಯ ಮೇಲೆ ಎಲ್ಲರೂ ಗೀಚಿದ ಹೆಸರುಗಳನ್ನು
ಒಂದೊಂದಾಗಿ ಓದಿದ.
"ತಿರುಗು," ಎಂದ. ಬೆನ್ನನ್ನೂ ಓದಿದ.
ಪೆನ್ನು ನನ್ನ ಜೇಬಲ್ಲಿತ್ತು. ಅವನು ಕೇಳಲಿಲ್ಲ,
ನಾನು ಕೊಡಲಿಲ್ಲ, ಯಾಕೋ.

"ಯೂನಿಫಾರ್ಮಿಗೆ ಅರ್ಧ," ಎಂದು ಚೀಟಿ ಹರಿದ.
"ನಾಳೆಯಿಂದ ಪೂರ್ತಿ ಕೊಡ್ಬೇಕು, ಮಾರಾಯ."

ಚಿಲ್ಲರೆ ಇತ್ತು.
ಆದರೂ ಹುಡುಕುವವನ ಹಾಗೆ
ಜೇಬಿನಲ್ಲಿ ಕೈಯಿಟ್ಟೇ ನಿಂತೆ,
ದೋಣಿ ಆ ಕಡೆಯ ಟಯರಿಗೆ ತಾಗುವವರೆಗೆ.